ಶಂಕ್ರವ್ವನ ಮೊಮ್ಮಗನ ಜ್ವರ

೧೯೫೭ರಲ್ಲಿ, ಏಕೀಕರಣವಾದ ಮರುವರ್ಷ, ನಾನು ಮುಂಡರಗಿಯಲ್ಲಿ ಹೆರಿಗೆ ನರ್ಸ್ ಆಗಿದ್ದೆ. ಮನೆಮನೆಗೆ ಹೋಗಿ ಬಾಣಂತಿ, ಕೂಸುಗಳನ್ನು ನೋಡಿಬರುವುದೂ ನನ್ನ ಕೆಲಸವಾಗಿತ್ತು.

ಶಂಕ್ರವ್ವನ ಮಗಳು ನೀಲವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು. ನಮ್ಮ ಕಡೆ ಹೆರಿಗೆಯಾದ ಐದನೆಯ ತಿಂಗಳಿಗೆ ತೊಟ್ಟಿಲ ಸಮೇತ ಗಂಡನ ಮನೆಗೆ ಕಳಿಸುವುದು ರೂಢಿ. ಏಳು ತಿಂಗಳಾದರೂ ಶಂಕ್ರವ್ವ ಕಳಿಸಿರಲಿಲ್ಲ. ಅಳಿಯ ಕೊಪ್ಪಳದ ಕಡೆ ಮಾಸ್ತರ. ಒಂದೇ ರಾಜ್ಯವಾಗಿದ್ದರೂ ಅವಳ ಬಾಯಲ್ಲಿ ಅದಿನ್ನೂ 'ನಿಜಾಮನ ಸೀಮಿ'. ಅಳಿಯ ಕರೆಯಲು ಬಂದಾಗಲೆಲ್ಲ ಕೂಸಿಗೆ ಜ್ವರ. ಎರಡು ಸಲ ನಾನೇ ಥರ್ಮಾಮೀಟರ್ ಇಟ್ಟು ನೋಡಿ, ಈ ವಾರ ಪ್ರಯಾಣ ಬೇಡ ಎಂದಿದ್ದೆ. ಮೂರನೆಯ ಸಲ ಅವನು, "ಈ ಸಲ ಕಳಸಲಿಲ್ಲಂದ್ರ ನಾ ಮತ್ತ ಕರಿಯಾಕ ಬರೂದಿಲ್ಲರಿ" ಎಂದುಬಿಟ್ಟ. ನೀಲವ್ವನ ಮುಖ ಸಣ್ಣಗಾಯಿತು.

ಅಂದೂ ಥರ್ಮಾಮೀಟರ್ ನೂರಾ ಒಂದು ತೋರಿಸಿತು. ಆದರೆ ಕೂಸು ಕೈಕಾಲು ಬಡಿದು ನಗುತ್ತಿತ್ತು. ಅನುಮಾನ ಬಂದು ಒಳಗೆ ಇಣುಕಿದೆ. ಅಗ್ಗಿಷ್ಟಿಗೆಯಲ್ಲಿ ಕೆಂಡ ನಿಗಿನಿಗಿ! ನೀರು ಎರೆದ ಮೇಲೆ ಕೂಸನ್ನು ಕೆಂಡದ ಮುಂದೆ ಕಾಸುವುದು ನಮ್ಮಲ್ಲಿ ಉಂಟು. ಈ ಮಹಾತಾಯಿ ನಾನು ಬರುವ ಹೊತ್ತಿಗೆ ಸರಿಯಾಗಿ ಕಾಸಿ, ಕಂಬಳಿ ಸುತ್ತಿ, ನನ್ನ ಕಣ್ಣಿಗೆ ಮಣ್ಣೆರಚುತ್ತಿದ್ದಳು. ಸಿಟ್ಟೂ ಬಂತು, ನಗುವೂ ಬಂತು. ಕಂಬಳಿ ಬಿಚ್ಚಿ, ಕೂಸನ್ನು ಎತ್ತಿಕೊಂಡು ಪಡಸಾಲೆಯ ಗಾಳಿಗೆ ಕೂತೆ. ಅರ್ಧ ತಾಸಿನಲ್ಲಿ ಜ್ವರ ಮಾಯ.

ಶಂಕ್ರವ್ವನನ್ನು ಒಳಗೆ ಕರೆದು ಕೇಳಿದೆ.

"ಬಿಟ್ಟು ಇರಾಕ ಆಗೂದಿಲ್ಲರಿ, ನರ್ಸಬಾಯಾರ" ಎಂದಳು.

"ನಿಮಗ ಆಗೂದಿಲ್ಲ, ಖರೆ. ನೀಲವ್ವಗ ಏನ್ ಬೇಕಂತ ಕೇಳೀರೇನು?"

ಬಾಗಿಲಲ್ಲಿ ನಿಂತಿದ್ದ ಮಗಳನ್ನು ನೋಡಿ, "ಹೋಗ್ತೀಯೇನ?" ಎಂದಳು. ನೀಲವ್ವ ಅಳುತ್ತಲೇ ಹೂಂ ಎಂದಳು. ಶಂಕ್ರವ್ವ ತಂಬಿಗೆ ನೀರು ತಂದು ಕೆಂಡದ ಮೇಲೆ ಸುರಿದಳು. ಅಳಿಯನಿಗೆ ನಾನು, ಕೂಸು ಆರಾಮ ಐತಿ ಎಂದಷ್ಟೇ ಹೇಳಿದೆ.

ಮರುದಿನ ಬೆಳಿಗ್ಗೆ ಅವರನ್ನು ಕಳಿಸಲು ನಾನೂ ಬಸ್ಸಿನ ತನಕ ಹೋದೆ. ಕಿಟಕಿಯಲ್ಲಿ ಕೂತ ನೀಲವ್ವ ತಾಯಿಯ ಮೇಲಿನ ಕಣ್ಣು ತೆಗೆಯಲಿಲ್ಲ.

"ನನ್ನ ಏನ್ ನೋಡ್ತಿ, ಹುಚ್ಚಿ? ಬಸ್ ಕುಲಕತೈತಿ, ಕೂಸಿನ ತಲಿ ಹಿಡಿ" ಎಂದು ಶಂಕ್ರವ್ವ ಗದರಿದಳು.

ಅಕ್ಕರೆ ಚೂರೂ ಕಡಿಮೆಯಾಗಿರಲಿಲ್ಲ, ಜಗ್ಗಾಟ ಮಾತ್ರ ನಿಂತಿತ್ತು. ನನಗೆ ಬಹಳ ಸಂತೋಷವಾಯಿತು. ಹುಟ್ಟಿದ ಕೂಸನ್ನು ಜಾರದಂತೆ ಹಿಡಿಯುವುದನ್ನು ನಾನು ತರಬೇತಿಯಲ್ಲಿ ಕಲಿತಿದ್ದೆ. ಅದನ್ನು ತಾಯಿಯ ಮಡಿಲಿಗೆ ಹಾಕಿದ ಮೇಲೆ ಕೈ ತೆಗೆಯುವುದನ್ನು ಕಲಿತದ್ದು ಆ ಬಸ್ಸಿನ ಹತ್ತಿರ.