ನಂಜುಂಡಯ್ಯನವರು ಅಣಬೆ ತೆಗೆದುಕೊಂಡದ್ದು

ಮನುಷ್ಯನ ಮನಸ್ಸು ಮಹಾಸಾಗರ, ಅದರ ಆಳ ಕಂಡವರಿಲ್ಲ ಎಂದು ಹಿರಿಯರು ಹೇಳಿದ್ದಾರೆ. ಯಾವ ಹಿರಿಯರು ಎಂದು ನನಗೆ ತಿಳಿಯದು. ನಮ್ಮ ಮನೆಯ ಹಿರಿಯರು ಹೇಳಿದ್ದು ಒಂದೇ: ಅಣಬೆ ತಿನ್ನಬೇಡ.

ಈ ಎರಡು ಉಪದೇಶಗಳೂ ಬರ್ಮಿಂಗ್‌ಹ್ಯಾಮಿನ ಆಸ್ಪತ್ರೆಯೊಂದರ ಕೋಣೆಯಲ್ಲಿ ಎದುರುಬದುರು ನಿಲ್ಲುತ್ತವೆ, ಅವುಗಳ ನಡುವೆ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ನಾನು ಕೂರಬೇಕಾಗುತ್ತದೆ ಎಂದು ಯಾರು ಎಣಿಸಿದ್ದರು?

ವಿಷಯ ಇಷ್ಟು. ನನಗೊಬ್ಬರು ಹಳೆಯ ಸ್ನೇಹಿತರಿದ್ದಾರೆ. ಡಾಕ್ಟರ್ ನಂಜುಂಡಯ್ಯ ಎಂದು ಕರೆಯೋಣ. (ನಿಜವಾದ ಹೆಸರಲ್ಲ. ಇದನ್ನು ಬರೆಯಲು ಅವರು ಲಿಖಿತ ಒಪ್ಪಿಗೆ ಕೊಟ್ಟಿದ್ದಾರೆ. ಒಪ್ಪಿಗೆಯ ಫಾರ್ಮನ್ನು ಅವರೇ ಟೈಪ್ ಮಾಡಿದರು. ಹೆಸರೂ ಅವರದೇ ಆಯ್ಕೆ. "ವಿಷ ಕುಡಿದು ದಕ್ಕಿಸಿಕೊಂಡ ದೇವರದ್ದೇ ಇರಲಿ" ಎಂದರು.) ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಮೂವತ್ತು ವರ್ಷ ಅನಸ್ತೇಷಿಯಾ ಡಾಕ್ಟರಾಗಿದ್ದು ರಿಟೈರ್ ಆದವರು. ಅಂದರೆ ಅರ್ಧ ಊರನ್ನು ಮಲಗಿಸಿ ಎಬ್ಬಿಸಿದವರು. "ಮಲಗಿಸೋದು ಯಾರಿಗಾದ್ರೂ ಬರತ್ತೆ ಕಣಯ್ಯ. ಸಂಬಳ ಕೊಡೋದು ಎಬ್ಬಿಸೋದಕ್ಕೆ" ಎನ್ನುವುದು ಅವರ ಹಳೆಯ ಜೋಕು.

ಮೂರು ವರ್ಷದ ಹಿಂದೆ ಅವರ ಹೆಂಡತಿ ಸಾವಿತ್ರಮ್ಮ ತೀರಿಕೊಂಡರು. ಜೋಕು ನಿಂತಿತು. ಜಿಪಿ, ಅಂದರೆ ಇಲ್ಲಿನ ಮನೆ ಡಾಕ್ಟರು, ಕೊಟ್ಟ ಮಾತ್ರೆ ಒಂದು ಸಾಲದೆ ಇನ್ನೊಂದಾಯಿತು, ಅದೂ ಹತ್ತದೆ ಮತ್ತೊಂದಾಯಿತು. ಕರವಸ್ತ್ರಕ್ಕೂ ಇಸ್ತ್ರಿ ಹಾಕುತ್ತಿದ್ದ ಮನುಷ್ಯ, ಕನ್ನಡ ಸಂಘದ ಯುಗಾದಿ ಊಟಕ್ಕೆ ಒಂದು ಕಪ್ಪು, ಒಂದು ಕಂದು ಬೂಟು ಹಾಕಿಕೊಂಡು ಬಂದರು. ನಾವೆಲ್ಲ ನೋಡಿದೆವು. ಯಾರೂ ಏನೂ ಅನ್ನಲಿಲ್ಲ. (ನಾವು ಸಂಸ್ಕಾರವಂತರು.)

ಲೀಡ್ಸ್‌ನಲ್ಲಿರುವ ಮಗಳು ಅಂಜಲಿಗೆ ಮಾತ್ರ ಸುಮ್ಮನಿರಲಾಗಲಿಲ್ಲ. ಎಲ್ಲಿಂದಲೋ ಹೊಸ ಔಷಧಿಯ ಒಂದು ಟ್ರಯಲ್ ಹುಡುಕಿದಳು. ಸೈಕೆಡೆಲಿಕ್ ಥೆರಪಿ. ಒಂದು ಜಾತಿಯ ಅಣಬೆಯಲ್ಲಿ ಮನಸ್ಸಿನ ಕದ ತೆಗೆಯುವ ವಸ್ತು ಇದೆಯಂತೆ. ಹಿಂದೆ ಉದ್ದ ಕೂದಲಿನವರು ತಿಂದು ಪೊಲೀಸರಿಗೆ ಸಿಕ್ಕಿಬೀಳುತ್ತಿದ್ದ ಪದಾರ್ಥ. ಈಗ ಪ್ರೊಫೆಸರರೇ ಕೊಟ್ಟು, ಪಕ್ಕದಲ್ಲಿ ಕೂತು ನೋಟ್ಸ್ ಬರೆದುಕೊಳ್ಳುತ್ತಾರೆ. ಕಣ್ಣಿಗೆ ಪಟ್ಟಿ, ಕಿವಿಗೆ ಸಂಗೀತ, ಆರು ಗಂಟೆ ಕಾಲ. ಮಾತ್ರೆಗೆ ಬಗ್ಗದ ಖಿನ್ನತೆ ಇರುವ ಕೆಲವರಿಗೆ ನಿಜಕ್ಕೂ ಗುಣ ಕಂಡಿದೆ ಎಂದು ಅಂಜಲಿ ಹೇಳಿದಳು.

ನಂಜುಂಡಯ್ಯನವರು ಒಪ್ಪಿದರು. ಆದರೆ ಒಪ್ಪುವ ಮುನ್ನ, ಟ್ರಯಲ್‌ನವರು ಕಳಿಸಿದ ಮಾಹಿತಿ ಪತ್ರವನ್ನು ಕೆಂಪು ಪೆನ್ನು ಹಿಡಿದು ತಿದ್ದಿದರು. ಹದಿನಾಲ್ಕು ಕಡೆ ಕಾಮಾ. "ತಮಗೆ ಮಾತಿನಲ್ಲಿ ಹೇಳಲಾಗದ ಅನುಭವಗಳು ಆಗಬಹುದು" ಎಂಬ ಸಾಲಿನ ಪಕ್ಕ, "ಹೇಳಲಾಗದಿದ್ದರೆ ನಾನು ಯಾವುದಕ್ಕೆ ಒಪ್ಪಿಗೆ ಕೊಡುತ್ತಿದ್ದೇನೆ?" ಎಂದು ಬರೆದರು. ಥೆರಪಿಸ್ಟ್ ಗೆಮ್ಮಾ ಇದು ಬಹಳ ಒಳ್ಳೆಯ ಪ್ರಶ್ನೆ ಎಂದಳಂತೆ. ಉತ್ತರ ಕೊಟ್ಟ ಹಾಗೆ ಕಾಣಲಿಲ್ಲ.

ಆಮೇಲೆ ಮಡಿಯ ಪ್ರಶ್ನೆ. ಅಣಬೆ ನಿಷಿದ್ಧವಲ್ಲವೇ? ಇದು ಲ್ಯಾಬಿನಲ್ಲಿ ತಯಾರಾದದ್ದು, ಅಣಬೆಯ ಮುಖವನ್ನೇ ನೋಡಿಲ್ಲ ಎಂದು ಗೆಮ್ಮಾ ಭರವಸೆ ಕೊಟ್ಟಳು. ಕ್ಯಾಪ್ಸೂಲಿನ ಹೊದಿಕೆ ದನದ್ದೋ ಹಂದಿಯದ್ದೋ? ಅದೂ ಸಸ್ಯಾಹಾರಿ ಎಂದು ತಿಳಿಯಿತು. ಮತಿಭ್ರಮಣೆಗೆ ಅಡ್ಡಿಯಿಲ್ಲ, ಜಿಲಾಟಿನ್ ಕೂಡದು. ಇದರಲ್ಲಿ ನಗುವಂಥದ್ದೇನೂ ನನಗೆ ಕಾಣಲಿಲ್ಲ. ನಾನಾದರೂ ಅದನ್ನೇ ಕೇಳುತ್ತಿದ್ದೆ.

ಉಳಿದದ್ದು ಭಾಷೆ. ನಲವತ್ತು ವರ್ಷದಿಂದ ಇಂಗ್ಲಿಷಿನಲ್ಲೇ ಬದುಕಿದವರಾದರೂ, ಆ ಸ್ಥಿತಿಯಲ್ಲಿ ಮನುಷ್ಯ ತಾಯಿನುಡಿಗೆ ಇಳಿಯುವುದುಂಟಂತೆ. ಕನ್ನಡ ಬಲ್ಲ ಇಂಟರ್‌ಪ್ರಿಟರ್ ಬೇಕು. ಏಜೆನ್ಸಿಯವರಿಗೆ ಸಿಕ್ಕವರು ಒಬ್ಬರೇ. ಆಕೆಯ ಅತ್ತೆ ನಮ್ಮ ಕನ್ನಡ ಸಂಘದ ಕಾರ್ಯದರ್ಶಿ. ನಂಜುಂಡಯ್ಯನವರು ಹೆಸರು ಕೇಳಿದ ಕೂಡಲೇ ಎದ್ದು ನಿಂತರಂತೆ. ಗೋಪ್ಯತೆಯ ಬಗ್ಗೆ ಆಸ್ಪತ್ರೆಯ ಕಾಯಿದೆ ಏನೇ ಹೇಳಲಿ, ಅತ್ತೆ ಸೊಸೆಯನ್ನು ಕೇಳಿದರೆ ಕಾಯಿದೆ ಎಷ್ಟು ಹೊತ್ತು ತಡೆದೀತು?

ಹಾಗಾಗಿ ಅಂಜಲಿ ನನಗೆ ಫೋನ್ ಮಾಡಿದಳು.

"ಅಂಕಲ್, ಹಿ ವೋಂಟ್ ಹ್ಯಾವ್ ಮಿ ಇನ್ ದಿ ರೂಮ್. ನೀವೇ ಬೇಕಂತೆ. ಪ್ಲೀಸ್."

"ನಾನೇ ಯಾಕಮ್ಮ?"

"ಹಿ ಸೆಡ್, ನಾಗರಾಜನ ಮಾತು ಯಾರೂ ನಂಬಲ್ಲ, ಸೋ ಇಟ್ಸ್ ಸೇಫ್."

ನನ್ನ ಹೆಂಡತಿ ಸುಮಿತ್ರೆ ಪಕ್ಕದಲ್ಲೇ ಕೇಳಿಸಿಕೊಂಡಳು. "ನೀವು ಆರು ಗಂಟೆ ಬಾಯಿ ಮುಚ್ಕೊಂಡು ಕೂರ್ತೀರಾ? ಔಷಧಿ ಕೊಡಬೇಕಾದ್ದು ಅವರಿಗಲ್ಲ" ಎಂದಳು.

ಆಸ್ಪತ್ರೆಯ ಎಥಿಕ್ಸ್ ಕಮಿಟಿ ದೀರ್ಘವಾಗಿ ಆಲೋಚಿಸಿ ನನ್ನನ್ನು ಅಂಗೀಕರಿಸಿತು. ನಾನೂ ಒಂದು ಫಾರ್ಮಿಗೆ ಸಹಿ ಹಾಕಿದೆ: ಕೇಳಿದ್ದನ್ನು ಕೇಳಿದ ಹಾಗೆ ಅನುವಾದಿಸತಕ್ಕದ್ದು, ಸೇರಿಸಕೂಡದು, ಬಿಡಕೂಡದು, ಮುಗಿಯುವವರೆಗೆ ಎದ್ದು ಹೋಗಕೂಡದು.

ಕೋಣೆ ಆಸ್ಪತ್ರೆಯ ಹಾಗಿರಲಿಲ್ಲ. ಮಂದ ದೀಪ, ಮೆತ್ತೆ, ಮೂಲೆಯಲ್ಲೊಬ್ಬ ಬುದ್ಧ.

"ಇವರು ಯಾರ ಕಡೆಯವರು?" ಎಂದು ನಂಜುಂಡಯ್ಯನವರು ಬುದ್ಧನನ್ನು ತೋರಿಸಿ ಇಂಗ್ಲಿಷಿನಲ್ಲಿ ಕೇಳಿದರು.

ಶಾಂತವಾಗಿರಲಿ ಅಂತ, ನಿಮ್ಮ ಸಂಸ್ಕೃತಿಗೂ ಹತ್ತಿರವಾಗಲಿ ಅಂತ ಎಂದಳು ಗೆಮ್ಮಾ. ಒಳ್ಳೆಯ ಹುಡುಗಿ. ಸಿತಾರ್ ಸಂಗೀತವನ್ನೂ ವಿಶೇಷವಾಗಿ ಆರಿಸಿಟ್ಟಿದ್ದಳು. ನಂಜುಂಡಯ್ಯನವರು ಅರ್ಧ ನಿಮಿಷ ಕೇಳಿ, "ಇದನ್ನು ಕೇಳಿದರೆ ನನಗೆ ಇಂಡಿಯನ್ ರೆಸ್ಟೋರೆಂಟಿನಲ್ಲಿ ಕೂತ ಹಾಗೆ, ಈಗ ಪಾಪಡಮ್ ಬರುತ್ತೆ ಅನ್ನಿಸುತ್ತೆ" ಎಂದರು. ಬುದ್ಧನನ್ನು ಗೌರವಪೂರ್ವಕವಾಗಿ ಹೊರಗಿಟ್ಟರು. ಸಿತಾರ್ ಹೋಗಿ ಪಿಯಾನೋ ಬಂತು.

ಮತ್ತೆ ಮುಟ್ಟುವ ಪ್ರಶ್ನೆ. ಭಯವಾದರೆ ಕೈ ಹಿಡಿಯಬಹುದೇ? ಅಮಲಿನಲ್ಲಿರುವವನು ಆಗ ಬೇಡವೆನ್ನಲಾರ, ಆದ್ದರಿಂದ ಮೊದಲೇ ಕೇಳಬೇಕು. ಇದು ಅವರ ನಿಯಮ. ಬಹಳ ಸರಿಯಾದ ನಿಯಮವೇ. ನಂಜುಂಡಯ್ಯನವರು ಕೋರ್ಟಿನಲ್ಲಿ ಸಾಕ್ಷಿ ಹೇಳುವವರಂತೆ ಯೋಚಿಸಿ, "ಭುಜ. ಬಲಗಡೆಯದು. ಕೈ ಬೇಡ" ಎಂದರು. ಗೆಮ್ಮಾ ಬರೆದುಕೊಂಡಳು.

ಕೊನೆಯದಾಗಿ ಗೆಮ್ಮಾ ನೆನಪಿಸಿದಳು: ಟ್ರಯಲ್‌ನಲ್ಲಿ ಕೆಲವರಿಗೆ ನಿಜವಾದ ಔಷಧಿ, ಕೆಲವರಿಗೆ ಔಷಧಿಯೇ ಇಲ್ಲದ ಡಮ್ಮಿ. ಯಾರಿಗೆ ಯಾವುದು ಎಂದು ಕೊಡುವ ಅವಳಿಗೂ ಗೊತ್ತಿಲ್ಲ. ನಾನು ಮ್ಯಾಕಲ್ಸ್‌ಫೀಲ್ಡಿನ ಮಾತ್ರೆ ಕಾರ್ಖಾನೆಯಲ್ಲಿ ಇಂಜಿನಿಯರಾಗಿದ್ದವನು. ನಿಜವಾದದ್ದೂ ಡಮ್ಮಿಯೂ ಅವಳಿಜವಳಿಯಂತೆ ಕಾಣಬೇಕು ಎನ್ನುವುದಕ್ಕಾಗಿಯೇ ನನ್ನ ಯೌವನ ಸವೆದಿದೆ. ಕ್ಯಾಪ್ಸೂಲನ್ನು ಕನ್ನಡಕ ಹಾಕಿಕೊಂಡು ನೋಡಿದೆ. ಏನೂ ತಿಳಿಯಲಿಲ್ಲ. ಯಾರೋ ಒಳ್ಳೆಯ ಕೆಲಸಗಾರ.

ನುಂಗಿದರು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದರು.

ಒಂದು ಗಂಟೆ ಏನೂ ಆಗಲಿಲ್ಲ. ನಾನು ಮನಸ್ಸಿನಲ್ಲೇ ಊಟದ ಡಬ್ಬಿ ತೆಗೆಯುವುದರಲ್ಲಿದ್ದೆ. ಆಗ ಮೆತ್ತೆಯಿಂದ ದನಿ ಬಂತು. ಅಪ್ಪಟ ಕನ್ನಡ.

"ನಾಗರಾಜ ಬಂದಿದಾನಾ?"

"ಇಲ್ಲೇ ಇದೀನಿ ಡಾಕ್ಟ್ರೇ."

"ಬಂದ. ಈಗ ಬಂದ. ಎರಡು ವರ್ಷ ಎಲ್ಲಿ ಸತ್ತಿದ್ದ?"

ಗೆಮ್ಮಾ ಪೆನ್ನು ಎತ್ತಿ ನನ್ನ ಕಡೆ ನೋಡಿದಳು. ನಾನು ಬಂದದ್ದು ಅವರಿಗೆ ಸಂತೋಷವಾಗಿದೆ ಎಂದು ಹೇಳಿದೆ. ದನಿಯಲ್ಲಿ ಸಂತೋಷ ಕೇಳಲಿಲ್ಲವಲ್ಲ ಎಂದಳು. ಸಹಿ ಹಾಕಿದ್ದು ನೆನಪಾಯಿತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಹದಿಮೂರನೇ ದಿನದ ಊಟಕ್ಕೆ ಬಂದ. ವಡೆ ಎರಡು ಸಲ ಹಾಕಿಸ್ಕೊಂಡ. ಅಲ್ಲಿಂದಾಚೆ ಮನೆ ಕಡೆ ತಲೆ ಹಾಕಿಲ್ಲ."

ಅನುವಾದಿಸಿದೆ. ವಡೆ ಎಂದರೇನೆಂದು ಗೆಮ್ಮಾ ಕೇಳಿದಳು. ಅದನ್ನೂ ವಿವರಿಸಿದೆ. ನನ್ನನ್ನು ಬೈದದ್ದಕ್ಕೆ ನಾನೇ ಅಡಿಟಿಪ್ಪಣಿ ಕೊಡುವ ಯೋಗ ಎಷ್ಟು ಜನಕ್ಕಿದೆ?

"ಫೋನ್ ಮಾಡ್ತಾನೆ. ಎಂ ಸಿಕ್ಸ್‌ನಲ್ಲಿ ರೋಡ್‌ವರ್ಕ್ಸ್ ಅಂತಾನೆ. ಎರಡು ವರ್ಷದಿಂದ ಅದೇ ರೋಡ್‌ವರ್ಕ್ಸ್!"

ಇದನ್ನು ಅನುವಾದಿಸಿ, ರೋಡ್‌ವರ್ಕ್ಸ್ ಇದ್ದದ್ದು ನಿಜ ಎಂದು ನನ್ನದೊಂದು ವಾಕ್ಯ ಸೇರಿಸಿದೆ. (ಸೇರಿಸಕೂಡದು ಎಂಬ ನಿಬಂಧನೆಯ ಉಲ್ಲಂಘನೆ. ಗೆಮ್ಮಾ ಕ್ಷಮಿಸಿದಳು. ಅವಳೂ ಅದೇ ಹೆದ್ದಾರಿಯಲ್ಲಿ ಬರುವವಳು.)

"ಬಂದಿದ್ರೆ ತಾನೆ ಏನು ಮಾತಾಡ್ತಿದ್ದ? ಅವನ ಮನೆ ಬಾಯ್ಲರ್ ಕೆಟ್ಟಿದ್ದು, ರಿಪೇರಿಯವನು ಬರದೇ ಇದ್ದದ್ದು. ಆಡ್ಲಿ. ಬಾಯ್ಲರ್ ಮಾತೇ ಆಡ್ಲಿ. ಆ ಮನೇಲಿ ಯಾರಾದ್ರೂ ಒಂದು ಮಾತು ಆಡ್ಲಿ."

ಇದನ್ನು ಒಂದೊಂದೇ ಮಾತಾಗಿ ಅನುವಾದಿಸಿದೆ.

ನನಗೆ ನಮ್ಮ ಪುಟ್ಟತ್ತೆ ನೆನಪಾದಳು. ನನ್ನ ತಂದೆಯ ತಂಗಿ. ಆಕೆಯ ಮೈಮೇಲೆ ಶುಕ್ರವಾರ ಶುಕ್ರವಾರ ದೇವರು ಬರುತ್ತಿತ್ತು. ಉಳಿದ ಆರು ದಿನ ತನ್ನ ಅತ್ತೆಯ ಎದುರು ತಲೆ ಎತ್ತದ ಪುಟ್ಟತ್ತೆ, ಶುಕ್ರವಾರ ಸಂಜೆ ಕೂದಲು ಬಿಚ್ಚಿ, "ಏನೇ, ನನ್ನ ಮಗಳಿಗೆ ಹಳಸಿದ್ದು ಹಾಕ್ತೀಯಾ? ಅವಳನ್ನ ತವರಿಗೆ ಕಳಿಸಲ್ವಾ?" ಎಂದು ಗುಡುಗುವಳು. ಅತ್ತೆ ಆರತಿ ಎತ್ತಿ ತಪ್ಪೊಪ್ಪಿಕೊಳ್ಳುವಳು. ಶನಿವಾರ ತವರಿಗೆ ಗಾಡಿ ಹೊರಡುವುದು. ಅದು ನಿಜವಾದ ದೇವರೋ ಡಮ್ಮಿಯೋ ಎಂದು ಯಾರೂ ಕೇಳಲಿಲ್ಲ. ಎಥಿಕ್ಸ್ ಕಮಿಟಿ ಇರಲಿಲ್ಲ. ಅತ್ತೆಗೆ ಗೊತ್ತಿರಲಿಲ್ಲವೇ? ಗೊತ್ತಿತ್ತೆಂದೇ ನನ್ನ ನಂಬಿಕೆ. ಸೊಸೆ ಹೇಳಿದರೆ ಸೋಲು, ದೇವರು ಹೇಳಿದರೆ ಪ್ರಸಾದ.

ಮಧ್ಯಾಹ್ನದ ಹೊತ್ತಿಗೆ ನಂಜುಂಡಯ್ಯನವರು ಬೈಗುಳ ನಿಲ್ಲಿಸಿದರು. ಆಮೇಲೆ ಸಣ್ಣ ದನಿಯಲ್ಲಿ ಒಂದು ಮಾತು ಹೇಳಿದರು. (ಇಲ್ಲಿ ಬರೆಯಲು ಅವರ ಒಪ್ಪಿಗೆ ಇದೆ. ಫಾರ್ಮಿನ ನಾಲ್ಕನೇ ಸಾಲು.)

"ಊರವರೆಲ್ಲ ಮಲಗಿದಾಗ ನಾನು ರೆಪ್ಪೆ ಮಿಟುಕಿಸದೆ ಕಾದೆ ಕಣೋ. ಸಾವಿತ್ರಿ ಹೋಗೋವಾಗ ಕುರ್ಚಿಯಲ್ಲಿ ನಿದ್ದೆ ಹೊಡೀತಿದ್ದೆ."

ಏನಂದರು ಎಂದು ಗೆಮ್ಮಾ ಕೇಳಿದಳು.

ನಾನು ಹೇಳಲಿಲ್ಲ. ಬಿಡಕೂಡದು ಎಂಬ ನಿಬಂಧನೆಯೂ ಮುರಿಯಿತು. ಕುರ್ಚಿ ಹತ್ತಿರ ಎಳೆದುಕೊಂಡು ಅವರ ಕೈ ಹಿಡಿದುಕೊಂಡೆ. ಕೈ ಬೇಡ ಎಂಬ ಕರಾರು ಆಗಿದ್ದು ಗೆಮ್ಮಾಳ ಜೊತೆ; ನನಗದು ಅನ್ವಯಿಸುವುದಿಲ್ಲ. ಅವರು ಕೈ ಎಳೆದುಕೊಳ್ಳಲಿಲ್ಲ. ಪಿಯಾನೋ ನುಡಿಯುತ್ತಿತ್ತು. ಗೆಮ್ಮಾ ಪೆನ್ನು ಕೆಳಗಿಟ್ಟಳು.

ಸಂಜೆ ನಾನೇ ಕಾರಿನಲ್ಲಿ ವುಲ್ವರ್‌ಹ್ಯಾಂಪ್ಟನ್ನಿಗೆ ಬಿಟ್ಟೆ. ಮನೆ ಬಾಗಿಲಲ್ಲಿ, "ಒಳಗೆ ಬಾ. ಹಾಲಿಲ್ಲ" ಎಂದರು. ಮೂಲೆಯಂಗಡಿಯಿಂದ ಹಾಲು ತಂದೆ. ಕಾಫಿ ಮಾಡಿದೆ. ನಮ್ಮ ಬಾಯ್ಲರಿನ ವಿಷಯ ಸವಿಸ್ತಾರವಾಗಿ ಹೇಳಿದೆ.

ಮುಂದಿನ ಭಾನುವಾರವೂ ಹೋದೆ. ಅದರ ಮುಂದಿನದೂ. ಮಾತ್ರೆಗಳು ಇನ್ನೂ ಇವೆ, ಕೆಟ್ಟ ದಿನಗಳೂ ಇವೆ. ಆದರೆ ಶಿವರಾತ್ರಿಯ ಹೊತ್ತಿಗೆ ಎರಡೂ ಬೂಟು ಕಪ್ಪಾಗಿದ್ದವು. ಟ್ರಯಲ್‌ನವರ ಪ್ರಶ್ನಾವಳಿಯಲ್ಲೂ ಖಿನ್ನತೆ ಗಣನೀಯವಾಗಿ ಇಳಿದಿತ್ತು. ಔಷಧಿ ಎಂಥ ಅದ್ಭುತ ಎಂದು ನಾನು ಸಿಕ್ಕಿದವರಿಗೆಲ್ಲ, ಹೆಸರು ಹೇಳದೆ, ಹೇಳಿಕೊಂಡು ತಿರುಗಿದೆ.

ಹೋದ ತಿಂಗಳು ಟ್ರಯಲ್ ಮುಗಿದು ಪತ್ರ ಬಂತು. ನಂಜುಂಡಯ್ಯನವರು ಕಾಫಿ ಲೋಟದ ಕೆಳಗಿಂದ ಅದನ್ನು ನನ್ನ ಕಡೆ ಸರಿಸಿದರು. ಒಂದೇ ಪ್ಯಾರಾ. ಅವರಿಗೆ ಕೊಟ್ಟದ್ದು ಡಮ್ಮಿ.

ನಾನು ಎರಡು ಸಲ ಓದಿದೆ.

"ನಿಮಗೆ ಗೊತ್ತಿತ್ತಾ?"

"ಮೂವತ್ತು ವರ್ಷ ಅನಸ್ತೇಷಿಯಾ ಕೊಟ್ಟಿದೀನಿ. ಔಷಧಿ ಹತ್ತಿದೆಯೋ ಇಲ್ವೋ ಅಂತ ಗೊತ್ತಾಗಲ್ವೇನಯ್ಯ? ನುಂಗಿದ ಒಂದು ಗಂಟೆಯೊಳಗೇ ಗೊತ್ತಾಯ್ತು."

"ಮತ್ತೆ ಆರು ಗಂಟೆ ಯಾಕೆ ಮಲಗಿದ್ರಿ?"

"ನೀನು ಎದ್ದು ಹೋಗೋ ಹಾಗಿರಲಿಲ್ಲವಲ್ಲ. ಸಹಿ ಹಾಕಿದ್ದೆ."

ಇದು ಗೆಮ್ಮಾಗೆ ಮಾಡಿದ ಮೋಸವಲ್ಲವೇ ಎಂದು ಕೇಳಿದೆ. ಆ ಬಗ್ಗೆ ಅವರು ಈಗಾಗಲೇ ಅವಳಿಗೆ ಕಾಗದ ಬರೆದಿದ್ದಾರಂತೆ, ಕಾಮಾಗಳ ಸಮೇತ. ಬೇಕಿದ್ದರೆ ಈಗ ನಿಜವಾದ ಔಷಧಿಯನ್ನೇ ಕೊಡುತ್ತೇವೆ ಎಂದು ಟ್ರಯಲ್‌ನವರು ಹೇಳಿದ್ದಾರೆ. ಇನ್ನೂ ತೀರ್ಮಾನಿಸಿಲ್ಲ. "ನಿಜವಾದದ್ದು ತಗೊಂಡು, ನಿನ್ನ ಬಗ್ಗೆ ಏನಾದ್ರೂ ಒಳ್ಳೇದು ಹೇಳಿಬಿಟ್ರೆ?" ಎನ್ನುತ್ತಾರೆ.

ಭಾನುವಾರ ಹನ್ನೊಂದಕ್ಕೆ ವುಲ್ವರ್‌ಹ್ಯಾಂಪ್ಟನ್ ತಲುಪುತ್ತೇನೆ. ಎಂ ಸಿಕ್ಸ್‌ನಲ್ಲಿ ರೋಡ್‌ವರ್ಕ್ಸ್ ಇನ್ನೂ ನಡೆಯುತ್ತಿದೆ.