ರಸ್ತೆ ಬದಿಯ ಬಳ್ಳಿ ಮತ್ತು ಮಗಳ ಡಿಗ್ರಿ

ನಮ್ಮ ಕಡೆ ಯಾರನ್ನಾದರೂ ನಿಲ್ಲಿಸಿ ಈ ವರ್ಷ ಕಾಫಿ ಎಷ್ಟು ಮೂಟೆ ಎಂದು ಕೇಳಿ, ಹೇಳುತ್ತಾರೆ. ಮೆಣಸು ಎಷ್ಟಕ್ಕೆ ಹೋಯಿತು ಎಂದರೆ ಅದನ್ನೂ ಹೇಳುತ್ತಾರೆ. ಆನೆ ಎಷ್ಟು ಬಾಳೆ ಮುರಿಯಿತು ಎಂಬುದನ್ನು ಕೇಳದಿದ್ದರೂ ಹೇಳುತ್ತಾರೆ. ಆದರೆ ‘ನಿಮ್ಮ ಹುಡುಗನಿಗೆ ಸಂಬಳ ಎಷ್ಟು?’ ಎಂದು ಕೇಳಿ ನೋಡಿ. ತಕ್ಷಣ ಮಳೆಯ ವಿಷಯ ಬರುತ್ತದೆ.

ಇದು ನನಗೆ ಗೊತ್ತಾದದ್ದು ಮಗಳು ಭವ್ಯ ಪಿಯುಸಿ ಮುಗಿಸಿ, ‘ಇನ್ಫರ್ಮೇಶನ್ ಸಿಸ್ಟಮ್ಸ್ ಓದ್ತೇನೆ’ ಎಂದ ಮೇಲೆ. ಮೈಸೂರಿನ ಒಂದು ಖಾಸಗಿ ಕಾಲೇಜು. ಫೀಸು ಎಷ್ಟೆಂದು ಕೇಳಿ ನನ್ನ ಹೆಂಡತಿ ಸರೋಜ ಒಲೆ ಆರಿಸಿ ಬಂದು ಕೂತಳು. ಬ್ಯಾಂಕಿನಿಂದ ಲೋನು ತೆಗೆಯದೆ ಆಗುವ ಮಾತಲ್ಲ. ಲೋನು ಮಗಳ ಹೆಸರಲ್ಲಿ, ಜೊತೆಗೆ ನನ್ನದೊಂದು ಸಹಿ. ಓದಿ ಮುಗಿಸಿದ ಮೇಲೆ ಅವಳ ಸಂಬಳ ಆ ಲೋನನ್ನು ಹೊರುತ್ತದೋ, ಇಲ್ಲ ಅವಳು ಮೂವತ್ತು ದಾಟುವವರೆಗೂ ಬ್ಯಾಂಕಿಗೇ ದುಡಿಯಬೇಕೋ? ಪ್ರಶ್ನೆ ಇಷ್ಟೇ. ಸೀಟು ಹಿಡಿಯಬೇಕಾದರೆ ಸೋಮವಾರದೊಳಗೆ ಉತ್ತರ ಬೇಕು.

ಇಂಥ ಪ್ರಶ್ನೆಗೆ ನಾನೇ ಸರಿಯಾದ ಜನ ಎಂದುಕೊಂಡೆ. ಯಾಕೆಂದರೆ ನನ್ನ ಕಸುಬು ಮೆಣಸಿನ ಗುತ್ತಿಗೆ. ಚೆಟ್ಟಳ್ಳಿ, ವಿರಾಜಪೇಟೆ ಕಡೆಯ ತೋಟಗಳಲ್ಲಿ ಕಾಯಿ ಇನ್ನೂ ಹಸಿರಾಗಿರುವಾಗಲೇ ಮರದ ಬುಡದಲ್ಲಿ ನಿಂತು, ಮೇಲೆ ನೋಡಿ, ಇಡೀ ತೋಟದಲ್ಲಿ ಇಷ್ಟು ಕ್ವಿಂಟಾಲ್ ಬರಬಹುದು ಎಂದು ಅಂದಾಜು ಮಾಡಿ ಮುಂಗಡ ಕೊಡುತ್ತೇನೆ. ಬಂದರೆ ನನ್ನ ಪುಣ್ಯ, ಬಾರದಿದ್ದರೆ ನನ್ನ ಹಣ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಅದಕ್ಕೆ ನನಗೆ ವಿಷಾದವಿಲ್ಲ, ಶಾಲೆಗೂ ಇದ್ದಂತೆ ಕಾಣಲಿಲ್ಲ. ಮನೆ ಕಟ್ಟಿದ್ದು, ಜೀಪು ತಗೊಂಡದ್ದು ಎಲ್ಲ ಹೀಗೆ ಮೇಲೆ ನೋಡಿಯೇ.

ಸರಿ, ಅಂದಾಜು ಶುರು ಮಾಡಿದೆ. ವಿರಾಜಪೇಟೆಯಲ್ಲಿ ನನ್ನಿಂದ ಮೆಣಸು ಕೊಳ್ಳುವ ಮಲಯಾಳಿ ವ್ಯಾಪಾರಿ ಹಂಸಾಕನ ಅಳಿಯ ಇದೇ ಕೋರ್ಸು ಓದಿದವನು.

“ಅಳಿಯನಿಗೆ ಸಂಬಳ ಎಷ್ಟು ಹಂಸಾಕ?”

“ನಲ್ಲ ಶಂಬಳ.” ಅಂದರೆ ಒಳ್ಳೆಯ ಸಂಬಳ.

“ನಲ್ಲ ಅಂದ್ರೆ ಎಷ್ಟು?”

“ನಲ್ಲ ಅಂದ್ರೆ ನಲ್ಲದೇ ಮಾರಾಯ. ಓ, ಮೋಡ ನೋಡು.”

ನೋಡಿದೆ. ಮೋಡ ಇರಲಿಲ್ಲ.

ಇನ್ನೂ ನಾಲ್ಕು ಮನೆಯಲ್ಲಿ ಕೇಳಿ, ಕೊನೆಗೆ ಮಗಳನ್ನು ಕರೆದುಕೊಂಡು ಕಾಲೇಜಿಗೇ ಹೋದೆ. ಬಾಗಿಲು ದಾಟಿದ ಕೂಡಲೇ ಗೋಡೆ ತುಂಬ ಫೋಟೋ. ಟೈ ಕಟ್ಟಿದ ಮಕ್ಕಳು, ಕೆಳಗೆ ಸಂಬಳ, ಎಲ್ಲ ಲಕ್ಷದಲ್ಲಿ. ಸಂಬಳ ಹೇಳುವ ಗೋಡೆಯನ್ನು ಕಂಡು ನನಗೆ ಸಂತೋಷವಾಯಿತು, ಆಮೇಲೆ ಸಂಶಯವೂ ಆಯಿತು. ಗುತ್ತಿಗೆಗೆ ಹೋದಾಗ ತೋಟದ ಸಾಹುಕಾರರು ನಮ್ಮನ್ನು ಕರೆದುಕೊಂಡು ಹೋಗುವುದು ರಸ್ತೆ ಬದಿಯ ಸಾಲಿಗೇ. ಅಲ್ಲಿ ಬಿಸಿಲು ಬೀಳುತ್ತದೆ, ಬಳ್ಳಿ ಜೋತುಬಿದ್ದಿರುತ್ತದೆ. ‘ಒಳಗೂ ಹೀಗೇ’ ಎನ್ನುತ್ತಾರೆ. ಒಳಗೆ ಹೋದರೆ ಅರ್ಧ ಬಳ್ಳಿ ಸೊರಗಿರುತ್ತದೆ, ಜೊತೆಗೆ ಜಿಗಣೆ. ಮಗಳ ಚರಿತ್ರೆ ಪುಸ್ತಕವನ್ನೊಮ್ಮೆ ತಿರುವಿ ಹಾಕಿದ್ದೆ. ಇದೇ ಮೆಣಸಿಗಾಗಿ ಕಡಲಾಚೆಯವರು ಸಾಲ ಎತ್ತಿ ಹಡಗು ಕಟ್ಟಿಕೊಂಡು ಬಂದರಂತೆ. ದಡ ಮುಟ್ಟಿದವರ ಚಿತ್ರ ಪುಸ್ತಕದಲ್ಲಿತ್ತು, ಮುಳುಗಿದವರ ಚಿತ್ರ ಇರಲಿಲ್ಲ. ಅವರೂ ಸಾಲ ಮಾಡಿಯೇ ಹೊರಟಿದ್ದಿರಬೇಕು.

ಅಡ್ಮಿಷನ್ ಮೇಜಿನ ಹಿಂದೆ ಸೌಮ್ಯ ಎಂಬ ಹುಡುಗಿ ಕೂತಿದ್ದಳು. ಕೇಳಿದೆ: “ಅಮ್ಮ, ಇದು ರಸ್ತೆ ಬದಿಯ ಸಾಲು. ನಡು ತೋಟ ಎಲ್ಲಿದೆ?”

“ಅಪ್ಪ!” ಎಂದು ಭವ್ಯ ನನ್ನ ತೋಳು ಚಿವುಟಿದಳು. ಆಮೇಲೆ ಅವಳೇ ಬಿಡಿಸಿ ಹೇಳಿದಳು: “ಮೇಡಂ, ಫೋಟೋ ಇಲ್ಲದವರು ಎಂತ ಮಾಡ್ತಿದ್ದಾರೆ ಅಂತ ಕೇಳ್ತಿದ್ದಾರೆ.”

ಸೌಮ್ಯ ಒಮ್ಮೆ ಹಿಂದಿನ ಗಾಜಿನ ಕೋಣೆಯ ಕಡೆ ನೋಡಿದಳು. ಒಳಗೆ ಯಾರೋ ಫೋನಿನಲ್ಲಿದ್ದರು. ದನಿ ತಗ್ಗಿಸಿ, “ನಾನೇ ಸರ್,” ಎಂದಳು. “ಇದೇ ಕೋರ್ಸು, ಇದೇ ಕಾಲೇಜು.”

ನಾನು ಸಂಬಳ ಕೇಳಿದೆ. ಅವಳು ಮಳೆಯ ಮಾತೆತ್ತಲಿಲ್ಲ. “ಇಪ್ಪತ್ತೆರಡು ಸಾವಿರ. ಒಂಬತ್ತು ಲೋನಿಗೆ, ಏಳು ಪಿ.ಜಿ.ಗೆ.”

“ಉಳಿದ ಆರು?”

“ಉಳಿಯುತ್ತೆ ಅಂತ ಯಾರು ಹೇಳಿದ್ರು ಸರ್?” ಎಂದು ನಕ್ಕಳು. “ಗಂಡಿನ ಕಡೆಯವರು ಬಂದರೆ ಮೊದಲು ಲೋನು ಎಷ್ಟು ಬಾಕಿ ಅಂತಾರೆ. ಹೆಸರು ಆಮೇಲೆ ಕೇಳ್ತಾರೆ.”

ನಾನು ಎದ್ದೆ. ಲೆಕ್ಕ ಮುಗಿದಿತ್ತು. ಆದರೆ ಭವ್ಯ ಕುರ್ಚಿ ಬಿಡಲಿಲ್ಲ. “ಅಕ್ಕ, ನೀವು ಈಗ ಪಿಯುಸಿ ಮುಗಿಸಿದ್ರೆ ಮತ್ತೆ ಇದನ್ನೇ ಓದ್ತಿದ್ರಾ?”

ಸೌಮ್ಯ ಮೇಜಿನ ಮೇಲಿದ್ದ ಬಣ್ಣದ ಪುಸ್ತಕವೊಂದನ್ನು ಎಳೆದುಕೊಂಡಳು. “ಓದ್ತಿದ್ದೆ. ನನಗೆ ಕಂಪ್ಯೂಟರ್ ಕೆಲಸ ಇಷ್ಟ.” ಮತ್ತೆ ಗಾಜಿನ ಕೋಣೆ ನೋಡಿ, “ಇಲ್ಲಿ ಓದ್ತಿರಲಿಲ್ಲ,” ಎಂದು ಹೇಳಿ, ನಮ್ಮ ಕೈಗೆ ಕಾಲೇಜಿನ ಬಣ್ಣದ ಪುಸ್ತಕ ಕೊಟ್ಟು, ಜೋರಾಗಿ “ಥ್ಯಾಂಕ್ಯೂ ಸರ್, ಮತ್ತೆ ಬನ್ನಿ!” ಎಂದಳು.

ಬಸ್ಸಿನಲ್ಲಿ ನಾನು, “ಡಿಗ್ರಿಯೇ ಬೇಡ, ಬ್ಯಾಂಕಿಗೆ ದುಡಿಯೋ ಹಣೆಬರಹ ಯಾಕೆ?” ಎಂದೆ.

“ಆ ಅಕ್ಕ ಓದು ಬೇಡ ಅನ್ನಲಿಲ್ಲ. ಅಷ್ಟು ಕೊಟ್ಟು ಬೇಡ ಅಂದ್ರು,” ಎಂದಳು ಮಗಳು. “ಫಸಲು ಕಡಿಮೆ ಬಂದ ವರ್ಷ ನೀವು ಗುತ್ತಿಗೆ ಬಿಟ್ರಾ?”

ಬಿಟ್ಟಿರಲಿಲ್ಲ. ತಿತಿಮತಿ ದಾಟುವವರೆಗೂ ಯೋಚಿಸಿದೆ. ನನ್ನನ್ನು ಕೆಲವು ಸಲ ನೆಲಕ್ಕೆ ಕೆಡವಿದ್ದು ಕಡಿಮೆ ಬಿಟ್ಟ ಬಳ್ಳಿಯಲ್ಲ, ಹೆಚ್ಚು ಕೊಟ್ಟ ಮುಂಗಡ. ಫಸಲು ಎಷ್ಟು ಬರಬೇಕೆಂದು ತೀರ್ಮಾನಿಸುವುದು ಮಳೆ. ಕೊಡುವುದೆಷ್ಟು ಎಂಬುದೊಂದೇ ನನ್ನ ಕೈಯಲ್ಲಿರುವುದು. ಇಷ್ಟು ದಿನ ನಾನು ಊರೆಲ್ಲ ಅಲೆದು ವಿಚಾರಿಸಿದ್ದು ನನ್ನ ಕೈಯಲ್ಲಿ ಇಲ್ಲದ ಅರ್ಧವನ್ನು.

ಹೆಚ್ಚುಕಮ್ಮಿ ಇದೇ ಕೋರ್ಸು ಒಂದು ಸರ್ಕಾರಿ ಕಾಲೇಜಿನಲ್ಲಿ ಸಿಕ್ಕಿತು. ಅಲ್ಲಿಯ ಗೋಡೆಯಲ್ಲಿ ಫೋಟೋ ಇಲ್ಲ, ಸುಣ್ಣವೂ ಅಷ್ಟಕ್ಕಷ್ಟೆ. ಭವ್ಯ ಅಲ್ಲಿಯ ಹಳೆಯ ವಿದ್ಯಾರ್ಥಿನಿಯರಲ್ಲಿ ನಾಲ್ಕು ಜನರಿಗೆ ತಾನೇ ಫೋನು ಮಾಡಿ ಸಂಬಳ ಎಷ್ಟೆಂದು ಕೇಳಿ ತಿಳಿದುಕೊಂಡಳು. ಹಾಸ್ಟೆಲ್ಲು ಸೇರಿಸಿದರೂ ಲೋನು ಮೊದಲಿನ ಕಾಲುಭಾಗಕ್ಕೆ ಇಳಿಯಿತು. ನಮ್ಮ ನೆಂಟರು, ‘ಸರ್ಕಾರಿಯಾ?’ ಎಂದು ರಾಗ ಎಳೆದರು. ಎಳೆಯಲಿ, ರಾಗಕ್ಕೆ ಬಡ್ಡಿ ಇಲ್ಲ.

ಬ್ಯಾಂಕಿನ ಮ್ಯಾನೇಜರು ಅರ್ಜಿ ನೋಡಿ, “ಇಷ್ಟೇನಾ? ಇನ್ನೂ ಕೊಡಬಹುದು, ತಗೊಳ್ಳಿ” ಎಂದರು. ಅವರ ಮುಂದೆ ಕೈಕಟ್ಟಿ ನಿಲ್ಲಬೇಕಾಗುತ್ತದೆ ಎಂದು ನಾನು ವಾರದಿಂದ ಸರಿಯಾಗಿ ಊಟ ಮಾಡಿರಲಿಲ್ಲ. ಈಗ ಅವರು ಒತ್ತಾಯ ಮಾಡುತ್ತಿದ್ದಾರೆ. ಕುರ್ಚಿಗೆ ಒರಗಿಕೊಂಡು, “ಬೇಡ ಸಾರ್” ಎಂದೆ. ಅವರು ಮತ್ತೆ ಹೇಳಿದರು. ನಾನು ಮತ್ತೆ ಬೇಡ ಎಂದೆ. ಎರಡನೇ ಸಲ ಇನ್ನೂ ಚೆನ್ನಾಗಿ ಬಂತು.

ಹೊರಗೆ ಬಂದು ಸ್ಟ್ಯಾಂಡಿನಲ್ಲಿ ಸಿಕ್ಕ ಇಬ್ಬರಿಗೆ, ಬ್ಯಾಂಕಿನವರು ಕೊಡುತ್ತೇವೆಂದರೂ ನಾನು ಬೇಡವೆಂದು ಬಂದೆ ಎಂದು ಹೇಳಿದೆ. ಮೂರನೆಯವನಿಗೆ ಹೇಳುವ ಮೊದಲು ಭವ್ಯ ನನ್ನ ಶರ್ಟು ಹಿಡಿದು ಎಳೆದಳು.

“ಅಪ್ಪ, ತೀರಿಸಬೇಕಾದವಳು ನಾನು. ಜಂಭ ಮಾತ್ರ ನಿಮ್ಮದಾ?”

“ಹೌದು,” ಎಂದೆ. “ಜಂಟಿ ಸಹಿ ಅಂದ್ರೆ ಹಾಗೇ. ಇಬ್ಬರೂ ಅರ್ಧರ್ಧ ಹೊರಬೇಕು.”