ಗಾಜು ಇಳಿದ ದಿನ

ಇವತ್ತು ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಕೆಟ್ಟಿತ್ತು. ರಿಪೇರಿಯವರು ಬಾಗಿಲು ತೆಗೆದಿಟ್ಟಿದ್ದರಿಂದ ಗ್ರೀಸಿನ ವಾಸನೆ ಮೆಟ್ಟಿಲ ಮೇಲೆಲ್ಲ ಹರಡಿತ್ತು. ವೈಟ್‌ಫೀಲ್ಡಿನ ಈ ಕಡೆ ಅಂಥ ವಾಸನೆ ಅಪರೂಪ. ಆರು ಮಹಡಿ ಇಳಿಯುವಷ್ಟರಲ್ಲಿ ನಾನು ಹದಿಮೂರು ವರ್ಷ ಹಿಂದಿನ ಪೀಣ್ಯದ ಕಾರ್ಖಾನೆಗಳ ನಡುವೆ ಇದ್ದೆ.

ಈ ಶನಿವಾರ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನನ್ನ ಭಾಷಣವಿದೆ. ವಿಷಯ, ನಮ್ಮ ಅದೃಷ್ಟವನ್ನು ನಾವೇ ಸೃಷ್ಟಿಸಿಕೊಳ್ಳುವುದು. ವಿಷಯ ಆರಿಸಿದ್ದು ಅವರಲ್ಲ, ನಾನೇ. ಕಂಪನಿ ಕಟ್ಟಿದವರಿಗೆ ಒಂದು ವಯಸ್ಸಿನಲ್ಲಿ ಮಂಡಿನೋವಿನ ಜೊತೆಗೆ ಇಂಥ ವಿಷಯಗಳೂ ಶುರುವಾಗುತ್ತವೆ.

ಯಾವ ಸಭೆಗೆ ಹೋದರೂ ನಾನು ಹೇಳುವ ಕಥೆ ಒಂದೇ. ಮೋಟಾರು ಕೆಡುವ ಮೊದಲೇ ಎಚ್ಚರಿಸುವ ಸಣ್ಣ ಪೆಟ್ಟಿಗೆಯೊಂದನ್ನು ಹಿಡಿದು ನಾನೂ ನನ್ನ ಪಾರ್ಟ್ನರೂ ಕಾರ್ಖಾನೆಗಳನ್ನು ಸುತ್ತುತ್ತಿದ್ದೆವು. ಯಾರೂ ಒಳಗೆ ಬಿಡುತ್ತಿರಲಿಲ್ಲ. ಒಂದು ದಿನ ನಾನು ಗೇಟಿನ ಮುಂದೆ ನಿಂತಿದ್ದಾಗ ಮ್ಯಾನೇಜರ ಕಾರು ಬಂತು, ನನ್ನ ಹತ್ತಿರ ನಿಧಾನವಾಯಿತು, ಗಾಜು ಇಳಿಯಿತು. ಮೊದಲ ಆರ್ಡರು ಸಿಕ್ಕಿತು. ‘ಗೇಟಿನ ಮುಂದೆ ನಿಂತವನಿಗೆ ಒಂದಲ್ಲ ಒಂದು ದಿನ ಗಾಜು ಇಳಿಯುತ್ತದೆ’ ಎಂದು ಮುಗಿಸುತ್ತೇನೆ. ಚಪ್ಪಾಳೆ ಬೀಳುತ್ತದೆ.

ನಿಮಗೆ ಅನುಮಾನ ಬರಲಿಲ್ಲವೇ? ನನಗೆ ಬರಲು ಲಿಫ್ಟ್ ಕೆಡಬೇಕಾಯಿತು. ಅದೇ ಗೇಟಿನ ಮುಂದೆ ನನಗಿಂತ ಮೊದಲು ಮೂರು ದಿನ ನಿಂತವನು ನನ್ನ ಆ ಪಾರ್ಟ್ನರು, ಮುನಿರಾಜು. ಆನೇಕಲ್ಲಿನವನು, ಕಾಲೇಜಿನಲ್ಲಿ ನನ್ನ ಬೆಂಚಿನವನು, ಆ ಪೆಟ್ಟಿಗೆಯನ್ನು ನಿಜವಾಗಿ ತಯಾರಿಸಿದವನು. ಅವನಿಗೆ ಗಾಜು ಇಳಿಯಲಿಲ್ಲ.

ಹಳೆಯ ಡೈರಿ ತೆಗೆದೆ. ಆ ದಿನದ ಪುಟದಲ್ಲಿ ಇದ್ದದ್ದು ಇಷ್ಟೇ: ‘ಹಣೆ ಒರೆಸಿಕೊಳ್ಳಲಿಲ್ಲ. ಆರ್ಡರು.’

ನಮ್ಮದು ದಾವಣಗೆರೆಯಿಂದ ಬಂದ ಮನೆ. ವಿಭೂತಿ ಹಚ್ಚದೆ ಅಮ್ಮ ಹೊರಗೆ ಕಳಿಸುತ್ತಿರಲಿಲ್ಲ. ಪೀಣ್ಯದಲ್ಲಿ ಬೈಕು ನಿಲ್ಲಿಸಿದ ಕೂಡಲೇ ನಾನು ಅದನ್ನು ಒರೆಸಿಕೊಳ್ಳುತ್ತಿದ್ದೆ. ಹೊಸ ಯಂತ್ರ ಮಾರುವವನ ಹಣೆ ಖಾಲಿಯಿರಬೇಕೆಂದು ಯಾರು ಹೇಳಿದ್ದರೋ. ಆ ದಿನ ಮರೆತೆನೋ, ಬೇಕೆಂದೇ ಬಿಟ್ಟೆನೋ, ಡೈರಿ ಹೇಳುವುದಿಲ್ಲ. ಹೇಳಿದ್ದರೂ ಬರೆದವನು ನಾನೇ ಆದ್ದರಿಂದ ನಂಬುವುದು ಕಷ್ಟ.

ಮ್ಯಾನೇಜರ ಮಾತು ಮಾತ್ರ ಕಿವಿಯಲ್ಲಿದೆ.

‘ಯಾವೂರ್ರೀ ನಿಮ್ದು?’

‘ದಾವಣಗೆರೆ ಸಾರ್.’

‘ದಾವಣಗೆರ್ಯಾಗ ಯಾರ ಪೈಕಿ?’

ತಾತನ ಹೆಸರು ಹೇಳಿದೆ.

‘ಹಂಗಾದ್ರ ನಮ್ಮವ್ರೇ ಬಿಡ್ರಿ. ಬರ್ರಿ, ಚಾ ಕುಡಿಯೋಣು.’

ಪೆಟ್ಟಿಗೆ ಏನು ಮಾಡುತ್ತದೆಂದು ಅವರು ಕೇಳಿದ್ದು ಎರಡನೆಯ ಚಾ ಆದ ಮೇಲೆ.

ಅವತ್ತಿನಿಂದ ನಮ್ಮ ಆಫೀಸಿನಲ್ಲಿ ಒಂದು ಮಾತು ಹುಟ್ಟಿಕೊಂಡಿತು. ನನ್ನ ಕಾಲ್ಗುಣ ಒಳ್ಳೆಯದು, ಮುನಿರಾಜುವಿನದು ಅಷ್ಟಕ್ಕಷ್ಟೇ. ಹುಟ್ಟಿಸಿದವನು ನಾನೇ ಇರಬೇಕು. ಹೊರಗಿನ ಓಡಾಟ ನನಗೆ, ಒಳಗಿನ ಕೆಲಸ ಅವನಿಗೆ ಎಂದಾಯಿತು. ಎರಡು ವರ್ಷದಲ್ಲಿ ಕಂಪನಿ ಎಂದರೆ ನಾನು. ಅವನು ಬೊಮ್ಮಸಂದ್ರದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿಕೊಂಡ. ಜಗಳವಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು.

ಮಧ್ಯಾಹ್ನ ಅವನಿಗೆ ಫೋನು ಮಾಡಿದೆ. ಮಕ್ಕಳ ಓದು, ನನ್ನ ಮಂಡಿ ಎಲ್ಲ ಮುಗಿದ ಮೇಲೆ ಕೇಳಿದೆ. ‘ಆವತ್ತು ನಾನು ವಿಭೂತಿ ಒರೆಸ್ಕೊಳ್ಳೋದು ಮರ್ತಿದ್ನಾ?’

‘ಏನ್ ಮರೆಯೋದು? ಕರ್ಚೀಫ್ ಕೈಲೇ ಇತ್ತು. ನಾನೇ ಬೇಡ ಅಂದಿದ್ದು.’

‘ನೀನಾ?’

‘ಹೂ ಕಣೋ. ಮೂರು ದಿನ ಆ ಗೇಟಲ್ಲಿ ಒಣಗಿದ್ನಲ್ಲ, ಆ ಯಪ್ಪ ಕಾರಲ್ಲಿ ಹೋಗೋದು ನೋಡಿದ್ದೆ. ಹಣೆ ತುಂಬಾ ವಿಭೂತಿ. ನೀನೊಬ್ನೇ ಹೋದ್ರೆ ಕೆಲ್ಸ ಆಗ್ತದೆ ಅನ್ನಿಸ್ತು. ಅದಕ್ಕೇ ನಾನು ಟೀ ಅಂಗಡೀಲಿ ನಿಂತ್ಕೊಂಡೆ.’

ನನಗೆ ಇದು ನೆನಪಿಲ್ಲ. ಇವನು ಕಥೆ ಕಟ್ಟುತ್ತಿರಬಹುದೇ ಎಂದು ಒಂದು ಕ್ಷಣ ಅನುಮಾನಿಸಿದೆ. ಆ ಕ್ಷಣವನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

‘ಮತ್ತೆ ನಾನು ಕಾಲ್ಗುಣ ಅಂದಾಗ ಸುಮ್ನಿದ್ಯಲ್ಲ?’

‘ತಮಾಷೆ ಮಾಡ್ತಿದೀಯ ಅಂದ್ಕೊಂಡೆ. ಆಮೇಲೆ ನೋಡಿದ್ರೆ ನೀನೇ ನಂಬ್ಬಿಟ್ಟಿದ್ದೆ, ಗುರು.’

ಶನಿವಾರದ ಭಾಷಣದಲ್ಲಿ ಇದನ್ನೇ ಹೇಳಲೇ ಎಂದು ಕೇಳಿದೆ.

‘ಹೇಳು. ಆದ್ರೆ ಹೆಸ್ರು ಹೇಳು. ನನ್ನ ಪಾರ್ಟ್ನರ್ ಒಬ್ಬ ಇದ್ದ ಅನ್ಬೇಡ.’

ಭಾಷಣದ ಹಾಳೆ ಮುಂದಿಟ್ಟುಕೊಂಡೆ. ನಾಲ್ಕು ಕಡೆ ‘ನನ್ನ ಪಾರ್ಟ್ನರ್ ಒಬ್ಬ’ ಎಂದಿತ್ತು. ಒಂದೊಂದಾಗಿ ಹೊಡೆದು ಹಾಕಿ ಮುನಿರಾಜು ಎಂದು ಬರೆಯುತ್ತ ಹೋದೆ. ನಾಲ್ಕನೆಯದಕ್ಕೆ ಬಂದಾಗ ಪೆನ್ನು ನಿಂತಿತು. ಅದೇ ಮಾತು ಅವನ ಬಾಯಲ್ಲಿ ಹೇಗೆ ಬಂತು? ಎಲ್ಲೋ ಒಂದು ಸಭೆಯಲ್ಲಿ, ಹಿಂದಿನ ಸಾಲಿನಲ್ಲಿ ಕೂತು, ಅವನು ಇದನ್ನು ಪೂರ್ತಿ ಕೇಳಿಸಿಕೊಂಡು ಎದ್ದುಹೋಗಿದ್ದಾನೆ.